ಮೀನು ಸಾಕೋದಲ್ಲ, ನೀರು ಸಾಕೋದು

ನಮ್ಮ ಮನೆಗೆ ಮೊದಲ ಅಕ್ವೇರಿಯಂ ಬಂದ ಐದನೇ ದಿನ ಮೊದಲ ಮೀನು ಸತ್ತಿತು. ಹತ್ತನೇ ದಿನಕ್ಕೆ ನಾಲ್ಕು ಗೋಲ್ಡ್ ಫಿಶ್‌ನಲ್ಲಿ ಒಂದೂ ಉಳಿದಿರಲಿಲ್ಲ.

ವರ್ಕ್ ಫ್ರಮ್ ಹೋಮ್ ಸಿಕ್ಕಿದ್ದೇ ನೆಪ ಅಂತ ಬೆಂಗಳೂರು ಬಿಟ್ಟು ಚಿತ್ರದುರ್ಗದ ಮನೆಗೆ ಬಂದಿದ್ದೆವು. ಎರಡನೇ ಕ್ಲಾಸಿನ ಮಗಳಿಗೆ ಕೊಟ್ಟ ಮಾತಿನಂತೆ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದೆ. ಅಂಗಡಿಯವರು ತೊಟ್ಟಿ, ಫಿಲ್ಟರ್, ಕಲ್ಲು, ಮೀನು ಎಲ್ಲಾ ಒಂದೇ ದಿನ ಕೊಟ್ಟರು. ನಾನೂ ಒಂದೇ ದಿನ ಎಲ್ಲಾ ಜೋಡಿಸಿದೆ. ನಲ್ಲಿ ನೀರು ಹಾಕಿದೆ, ಕನ್ನಡಿ ಹಾಗೆ ಹೊಳೀತಿತ್ತು.

‘ಅಪ್ಪಾ, ನೀರು ಇಷ್ಟು ಕ್ಲೀನಾಗಿದ್ಯಲ್ಲ, ಮತ್ಯಾಕೆ ಸತ್ತೋದ್ವು?’ ಅಂದಳು ಮಗಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕ್ತಾ ಹೋದರೆ ಸಿಕ್ಕಿದ್ದು ಇತಿಹಾಸ.

ನಮ್ಮ ನಾಡಿಗೆ ಮೀನಿನ ಹವ್ಯಾಸ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವೇ ಇದೆ. ಯಾವ್ಯಾವ ಮೀನು, ಯಾವುದಕ್ಕೆ ಏನು ಆಹಾರ, ಗಾಳ ಹಾಕೋದು ಹೇಗೆ ಅಂತ ವಿವರಿಸ್ತಾನೆ. ಆದರೆ ಅವೆಲ್ಲ ಹೊಳೆ, ಕೆರೆಯ ಮೀನು. ನಾಲ್ಕು ಗಾಜಿನ ನಡುವೆ ಮೀನು ಬದುಕಿಸೋ ವಿದ್ಯೆಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ 1850ರಲ್ಲಿ ತನ್ನ ಪ್ರಯೋಗ ಪ್ರಕಟಿಸಿದ: ಒಂದು ಪಾತ್ರೆ, ಎರಡು ಗೋಲ್ಡ್ ಫಿಶ್, ನೀರುಗಿಡ, ಜೊತೆಗೆ ಬಸವನಹುಳು. ಕೊಳೆತ ಎಲೆಯನ್ನ ಹುಳು ತಿನ್ನುತ್ತೆ, ಗಿಡ ಆಮ್ಲಜನಕ ಕೊಡುತ್ತೆ, ಮೀನು ಬದುಕುತ್ತೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕ ‘ಅಕ್ವೇರಿಯಂ’ ಅನ್ನೋ ಪದವನ್ನ ಮನೆಮಾತಾಗಿಸಿತು.

ಆದರೂ ಲೆಕ್ಕದ ಅರ್ಧ ಭಾಗ ಅವರಿಗೂ ಗೊತ್ತಿರಲಿಲ್ಲ. ಮೀನಿನ ಮಲಮೂತ್ರ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತೆ. ಅದು ವಿಷ. ಅದನ್ನ ನೈಟ್ರೈಟ್ ಮಾಡೋದು ಒಂದು ಜಾತಿಯ ಬ್ಯಾಕ್ಟೀರಿಯಾ, ನೈಟ್ರೇಟ್ ಮಾಡೋದು ಇನ್ನೊಂದು. ನೈಟ್ರೈಟೂ ವಿಷವೇ, ನೈಟ್ರೇಟ್ ಅಷ್ಟು ಅಪಾಯ ಅಲ್ಲ. 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾಡ್ಸ್ಕಿ ಇವನ್ನ ಬೇರ್ಪಡಿಸಿ ತೋರಿಸಿದ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟಿದ್ದು ಅರ್ಧ ದಿನ! ಮೇಲೆ ನಲ್ಲಿ ನೀರಿನ ಕ್ಲೋರಿನ್ ಬೇರೆ. ನಮ್ಮ ಮೀನು ಸತ್ತಿದ್ದು ಕೊಳಕು ನೀರಿಂದಲ್ಲ, ಇನ್ನೂ ಜೀವ ಬರದ ನೀರಿಂದ.

ಕೋಟೆಯ ಬುಡದಲ್ಲಿ ಬೆಳೆದ ನನಗೆ ಇದು ಹೊಳೀಬೇಕಿತ್ತು. ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಊರೊಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿಯೋ ಹಾಗೆ ಕಟ್ಟಿದವರು ನಮ್ಮವರು. ನಮ್ಮ ಪಕ್ಕದ ತಾಲ್ಲೂಕು ಹೊಳಲ್ಕೆರೆಯ ಹೆಸರಲ್ಲೇ ಕೆರೆ ಇದೆ. ಇಲ್ಲಿ ಯಾರೂ ನೀರನ್ನ ಒಂದೇ ದಿನದಲ್ಲಿ ‘ಸೆಟಪ್’ ಮಾಡಿದ್ದಿಲ್ಲ.

ಎರಡನೇ ಸಲ ಬುದ್ಧಿ ಬಂತು. ಬಕೆಟ್ಟಿನಲ್ಲಿ ಒಂದು ದಿನ ಇಟ್ಟ ನೀರು, ನೀರುಗಿಡ, ಫಿಲ್ಟರ್. ಮೀನಿಲ್ಲದ ತೊಟ್ಟಿಗೆ ದಿನಾ ಚಿಟಿಕೆ ಆಹಾರ ಹಾಕುತ್ತಾ, ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯೋವರೆಗೆ ಕಾದೆವು. ಐದು ವಾರ ಖಾಲಿ ತೊಟ್ಟಿ ನೋಡ್ತಾ ಕೂರೋದು ಏಳು ವರ್ಷದ ಮಗುವಿಗೆ ಸಣ್ಣ ತಪಸ್ಸಲ್ಲ. ಆಮೇಲೆ ಗಡಸು ನೀರಿಗೆ ಜಗ್ಗದ ಗಪ್ಪಿ ಆರು ತಂದೆವು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ. ಒಂದೂ ಸಾಯಲಿಲ್ಲ.

ಸಾಯೋದಿರಲಿ, ಮೂರೇ ತಿಂಗಳಲ್ಲಿ ನಲವತ್ತು ದಾಟಿದವು! ಗಪ್ಪಿ ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ‘ಸಂತೆ ಹೊಂಡಕ್ಕೆ ಬಿಡೋಣ, ಆರಾಮಾಗಿರ್ತವೆ’ ಅಂದಳು ಮಗಳು. ನನಗೂ ಅದೇ ಸರಿ ಅನ್ನಿಸಿತ್ತು.

ಆಗ ಅಮ್ಮ ಬಾಯಿಬಿಟ್ಟರು. ಅವರ ತವರು ಹಿರಿಯೂರು. ವೇದಾವತಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿ 1907ರಲ್ಲಿ ಮುಗಿಸಿದ ಮೇಲೆ ನಾಲೆಯಲ್ಲಿ ನೀರು ಬಂತು, ಹಿಂದೇನೇ ಚಳಿಜ್ವರ ಬಂತು ಅಂತ ನಮ್ಮಜ್ಜಿ ಹೇಳ್ತಿದ್ದರಂತೆ. ‘ಆಗ ಸರ್ಕಾರದೋರು ಸೊಳ್ಳೆಗೆ ಅಂತ ಎಲ್ಲಿಂದಲೋ ಮೀನು ತಂದಿದ್ರಂತೆ ಕಣೋ’ ಅಂದರು.

ಮಾತು ನಿಜ. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಶನ್ ಜೊತೆ ಮಲೇರಿಯಾ ಅಧ್ಯಯನ ಶುರುಮಾಡಿದಾಗ ಅದರ ಕೇಂದ್ರಗಳಲ್ಲಿ ಹಿರಿಯೂರೂ ಒಂದು. ಅಮೆರಿಕ ಮೂಲದ ಗಂಬೂಸಿಯಾ ಮೀನು ಇಟಲಿಯಿಂದ ಭಾರತಕ್ಕೆ ಬಂದಿದ್ದು 1928ರಲ್ಲಿ. ಸೊಳ್ಳೆಮರಿ ತಿನ್ನೋದು ಅದರ ಕೆಲಸ. ಗಪ್ಪಿಯನ್ನೂ ಅದೇ ಕೆಲಸಕ್ಕೆ ಬಳಸಿದರು. ಉದ್ದೇಶ ಒಳ್ಳೆಯದೇ, ಜನ ಜ್ವರದಲ್ಲಿ ಸಾಯ್ತಿದ್ದರು. ಆದರೆ ಗಂಬೂಸಿಯಾ ಸೊಳ್ಳೆಮರಿಗೇ ನಿಲ್ಲಲಿಲ್ಲ. ಊರಿನ ಮೀನುಗಳ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಎಲ್ಲಾ ತಿಂತು. ಇವತ್ತು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಬಿಡೋದು ಒಂದು ಬಕೆಟ್ಟಿನ ಕೆಲಸ, ವಾಪಸ್ ಹಿಡಿಯೋದು ಆಗದ ಕೆಲಸ.

ಮಗಳಿಗೆ ಇದನ್ನ ಹೇಳೋದು ಸುಲಭ ಆಗಲಿಲ್ಲ. ‘ನಮ್ಮ ಮೀನು ಕೆಟ್ಟವಾ ಅಪ್ಪಾ?’ ಅಂದಳು. ಅಲ್ಲಮ್ಮ, ಅವುಗಳ ಊರು ಇದಲ್ಲ ಅಷ್ಟೇ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಹಾಗಾದ್ರೆ ನಮ್ಮನೇಲೇ ಇರ್ಲಿ ಅಂದಳು.

ಗಂಡು ಹೆಣ್ಣು ಬೇರೆ ಮಾಡಿ ಎರಡು ತೊಟ್ಟಿ ಮಾಡಿದೆವು. ಹೆಚ್ಚಾದವನ್ನ ಅವಳ ಗೆಳತಿಯರಿಗೆ, ಹೊಸದುರ್ಗದ ನಮ್ಮಕ್ಕನ ಮನೆಗೆ ಕೊಟ್ಟೆವು. ಕೊಡೋವಾಗ ಎರಡು ಷರತ್ತು ಹಾಕೋದು ಮಗಳದ್ದೇ ಕೆಲಸ: ಮೊದಲು ನೀರು ರೆಡಿ ಮಾಡ್ಕೊಂಡು ಆಮೇಲೆ ಮೀನು ಒಯ್ಯಿ, ಬೇಡ ಅನ್ನಿಸಿದ್ರೆ ಕೆರೆಗೆ ಬಿಡಬೇಡ, ನಮಗೇ ವಾಪಸ್ ಕೊಡು.

2022ರಲ್ಲಿ, 1933ರ ನಂತರ 89 ವರ್ಷಕ್ಕೆ, ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದಾಗ ಜಿಲ್ಲೆಯ ಜನವೆಲ್ಲ ನೋಡೋಕೆ ಹೋಗಿದ್ದರು. ತುಂಬಿದ ನೀರು ಅಂದ್ರೆ ನಮಗೆ ಅಷ್ಟು ಸಂಭ್ರಮ. ಆ ನೀರೊಳಗೆ ಯಾರು ಬದುಕಿದ್ದಾರೆ ಅನ್ನೋ ಕುತೂಹಲ ಮಾತ್ರ ನನಗೆ ಬಂದಿದ್ದು ಈ ಎರಡಡಿ ತೊಟ್ಟಿಯಿಂದ.