ಅಂಗಾಂಗ ಕಸಿ ಆದವರು ಲಸಿಕೆ ಹಾಕಿಸಿಕೊಳ್ಳಬಾರದೇ? ಇಲ್ಲಿದೆ ಪೂರ್ಣ ಮಾಹಿತಿ

"ಕಿಡ್ನಿ ಕಸಿ ಆದವರು ಯಾವ ಲಸಿಕೆಯನ್ನೂ ತಗೋಬಾರದು, ತಗೊಂಡರೆ ಹೊಸ ಕಿಡ್ನಿ ಕೆಡುತ್ತದೆ." ಇಂಥ ಮಾತು ವಾಟ್ಸಾಪ್ ಗುಂಪುಗಳಲ್ಲಿ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. ಕೆಲವು ಲಸಿಕೆಗಳು ಬೇಡ ಎಂಬುದು ನಿಜ. ಆದರೆ ಎಲ್ಲವನ್ನೂ ಬಿಟ್ಟರೆ ಜೀವಕ್ಕೇ ಅಪಾಯ.

ಕಸಿ ನಂತರ ದೇಹದಲ್ಲಿ ಏನಾಗುತ್ತದೆ?

ಬೇರೊಬ್ಬರ ಅಂಗವನ್ನು ನಮ್ಮ ದೇಹ ಪರಕೀಯ ಎಂದೇ ತಿಳಿದು ದಾಳಿ ಮಾಡುತ್ತದೆ. ಇದನ್ನು ತಡೆಯಲು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್‌ನಂಥ ಮಾತ್ರೆಗಳನ್ನು ಕೊಡುತ್ತಾರೆ. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಹೀಗಾಗಿ ಬೇರೆಯವರಿಗೆ ಸಾದಾ ಜ್ವರವಾಗಿ ಹೋಗುವ ಫ್ಲೂ ಇವರಲ್ಲಿ ನ್ಯುಮೋನಿಯಾ ಆಗಬಹುದು.

ಯಾವುದು ಸುರಕ್ಷಿತ, ಯಾವುದು ಬೇಡ?

ನಿರ್ಜೀವ ಲಸಿಕೆಗಳಲ್ಲಿ ಜೀವಂತ ರೋಗಾಣು ಇರುವುದಿಲ್ಲ. ಫ್ಲೂ ಚುಚ್ಚುಮದ್ದು, ನ್ಯುಮೋಕಾಕಲ್, ಹೆಪಟೈಟಿಸ್ ಬಿ, ಟೆಟನಸ್ ಲಸಿಕೆಗಳು ಈ ಗುಂಪಿನವು. ಇವನ್ನು ಹಾಕಿಸಿಕೊಳ್ಳಬಹುದು. ಇವುಗಳಿಂದ ಕಸಿ ಮಾಡಿದ ಅಂಗ ತಿರಸ್ಕೃತವಾಗುವುದು ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ.

ಸಜೀವ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುತ್ತದೆ. ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್, ಬಿಸಿಜಿ, ಪೋಲಿಯೊ ಹನಿ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಈ ಗುಂಪಿನವು. ಕಸಿ ಆದವರಿಗೆ ಇವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅಗತ್ಯವಿದ್ದರೆ ಕಸಿಗೆ ಕನಿಷ್ಠ 4 ವಾರ ಮೊದಲೇ ಕೊಡಬೇಕು.

ಯಾವಾಗ ಹಾಕಿಸಬೇಕು?

ಉತ್ತಮ ಸಮಯ ಕಸಿಗೆ ಮೊದಲೇ. ಡಯಾಲಿಸಿಸ್‌ನಲ್ಲಿರುವವರು ಹೆಪಟೈಟಿಸ್ ಬಿ ಲಸಿಕೆಯನ್ನು ಆಗಲೇ ಮುಗಿಸಿಕೊಳ್ಳಬೇಕು. ಕಸಿ ನಂತರ ಹೆಚ್ಚಿನ ನಿರ್ಜೀವ ಲಸಿಕೆಗಳನ್ನು 3ರಿಂದ 6 ತಿಂಗಳ ಬಳಿಕ ಶುರು ಮಾಡುತ್ತಾರೆ. ಫ್ಲೂ ಲಸಿಕೆಯನ್ನು 1 ತಿಂಗಳ ನಂತರವೂ ಕೊಡಬಹುದು, ಅದು ಪ್ರತಿವರ್ಷ ಬೇಕು. ಮಾತ್ರೆಗಳ ಕಾರಣ ಲಸಿಕೆಯ ಪರಿಣಾಮ ಕಡಿಮೆ ಇರಬಹುದು. ಹಾಗಾಗಿ ಕೆಲವರಿಗೆ ರಕ್ತ ಪರೀಕ್ಷೆ ಮಾಡಿ ಹೆಚ್ಚುವರಿ ಡೋಸ್ ಕೊಡುತ್ತಾರೆ. ಲಸಿಕೆಗಾಗಿ ಕಸಿಯ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ನಾಯಿ ಕಚ್ಚಿದರೆ?

ತಡ ಮಾಡಲೇಬೇಡಿ. ರೇಬೀಸ್ ಲಸಿಕೆ ನಿರ್ಜೀವ ಲಸಿಕೆ. ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಕಸಿ ಆಗಿದೆ ಎಂದು ತಿಳಿಸಿ, ಇಮ್ಯುನೊಗ್ಲಾಬ್ಯುಲಿನ್ ಬಗ್ಗೆಯೂ ಕೇಳಿ. ಎಲ್ಲ ಡೋಸ್ ಪೂರ್ಣಗೊಳಿಸಿ.

ಮನೆಯ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಬಹುದೇ?

ಹನಿಯಲ್ಲಿನ ವೈರಸ್ ಕೆಲವು ವಾರ ಮಗುವಿನ ಮಲದಲ್ಲಿ ಹೊರಬರುತ್ತದೆ. ಆದ್ದರಿಂದ ಕಸಿ ಆದವರಿರುವ ಮನೆಯಲ್ಲಿ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಒಳ್ಳೆಯದು. ಈ ಬಗ್ಗೆ ಆಶಾ ಕಾರ್ಯಕರ್ತೆ ಅಥವಾ ವೈದ್ಯರಿಗೆ ಮೊದಲೇ ಹೇಳಿ. ಈಗಾಗಲೇ ಹನಿ ಹಾಕಿಸಿದ್ದರೆ ಗಾಬರಿ ಬೇಡ. ಕಸಿ ಆದವರು ಕೆಲವು ವಾರ ಮಗುವಿನ ಡೈಪರ್ ಮುಟ್ಟದಿರಲಿ, ಮನೆಯವರೆಲ್ಲ ಸೋಪಿನಿಂದ ಕೈ ತೊಳೆಯಲಿ. ದಡಾರ-ರುಬೆಲ್ಲಾ ಲಸಿಕೆಯನ್ನು ಮಾತ್ರ ಮಕ್ಕಳಿಗೆ ತಪ್ಪಿಸಬೇಡಿ. ಮನೆಯವರು ಲಸಿಕೆ ಪಡೆದಷ್ಟೂ ರೋಗಿಗೆ ರಕ್ಷಣೆ.

ವಿಜಯಪುರ ಭಾಗದವರು ಗಮನಿಸಿ

ಕಸಿ ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಆಗಿರಬಹುದು, ಆದರೆ ಜ್ವರ ಬಂದಾಗ ತೋರಿಸುವುದು ತಿಕೋಟಾ, ಬಬಲೇಶ್ವರದ ಆಸ್ಪತ್ರೆಯಲ್ಲೇ. ಅಲ್ಲಿನ ಸಿಬ್ಬಂದಿಗೆ ನಿಮ್ಮ ಹಿನ್ನೆಲೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾರ್ಡ್, ಮಾತ್ರೆಗಳ ಪಟ್ಟಿ, ಹಾಕಿಸಿದ ಲಸಿಕೆಗಳ ದಿನಾಂಕ ಇವುಗಳ ಫೋಟೊ ಮೊಬೈಲ್‌ನಲ್ಲಿ ಇರಲಿ. ಸೂಜಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿ: "ಇದು ಸಜೀವ ಲಸಿಕೆಯೋ, ನಿರ್ಜೀವ ಲಸಿಕೆಯೋ?" ಅನುಮಾನವಿದ್ದರೆ ಕಸಿ ಮಾಡಿದ ವೈದ್ಯರಿಗೆ ಫೋನ್ ಮಾಡಿ.

ತೀರ್ಮಾನ

ಕಸಿ ಆದವರಿಗೆ ಯಾವ ಲಸಿಕೆಯೂ ಬೇಡ ಎಂಬುದು ತಪ್ಪು ಮಾಹಿತಿ. ಸಜೀವ ಲಸಿಕೆ ಬೇಡ, ನಿರ್ಜೀವ ಲಸಿಕೆಗಳನ್ನು ವೈದ್ಯರ ಸಲಹೆಯಂತೆ ಹಾಕಿಸಿಕೊಳ್ಳಬೇಕು. ಆ ಸಂದೇಶ ನಿಮಗೂ ಬಂದರೆ ಮುಂದಕ್ಕೆ ಕಳಿಸಬೇಡಿ, ಅದೇ ಗುಂಪಿಗೆ ಈ ಮಾಹಿತಿ ಕಳಿಸಿ.