ಆಸ್ಪತ್ರೆಯ ಹೊಸಿಲಿನಾಚೆ

ಆರೋಗ್ಯ ಇಲಾಖೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ತುರುವೇಕೆರೆಯ ತಾಲ್ಲೂಕು ಆಸ್ಪತ್ರೆ, ಔಷಧಿ ಚೀಟಿ, ಹೊರರೋಗಿಗಳ ಸಾಲು. ಆದರೆ ಆಸ್ಪತ್ರೆ ಬೇರೆ, ಸಾರ್ವಜನಿಕ ಆರೋಗ್ಯ ಬೇರೆ. ಆಸ್ಪತ್ರೆ ಕಾಯಿಲೆ ಬಂದವನಿಗಾಗಿ ಕಾದು ಕುಳಿತಿರುತ್ತದೆ. ಆರೋಗ್ಯ ಇಲಾಖೆಯವರು ಕಾಯಿಲೆ ಬಾರದವನ ಮನೆಗೂ ಹೋಗಬೇಕು. ಈ ವ್ಯತ್ಯಾಸವನ್ನು ಹಳೆಯ ಮೈಸೂರು ಸಂಸ್ಥಾನ ಬಹಳ ಮೊದಲೇ ಅರಿತಿತ್ತು.

ಮೊದಲ ಪಾಠ ಕಲಿಸಿದ್ದು ಪ್ಲೇಗು. 1898ರಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಿತು. ಇಲಿ ಬಿದ್ದರೆ ಊರು ಬಿಟ್ಟು, ಹೊರಗೆ ಗುಡಿಸಲು ಹಾಕಿಕೊಂಡು ಇರುವುದನ್ನು ನಮ್ಮ ಹಿರಿಯರು ರೂಢಿ ಮಾಡಿಕೊಂಡರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಆದರೆ ಎಷ್ಟು ದೊಡ್ಡ ಆಸ್ಪತ್ರೆ ಕಟ್ಟಿದರೂ ಹಳ್ಳಿಯ ಚರಂಡಿ ತಾನಾಗಿ ಶುದ್ಧವಾಗುವುದಿಲ್ಲವಷ್ಟೆ!

ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ (1926-1941), ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಂದಿಗೆ, 1929ರಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಇಲಾಖೆಯೊಂದು ರೂಪುಗೊಂಡಿತು. 1930ರಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಸರ್ಕಾರವೇ ಆದೇಶ ಹೊರಡಿಸಿತು. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲೆಂದು ಹೇಳುತ್ತಾರೆ. ಕ್ಲೋಸ್‌ಪೇಟೆಯಲ್ಲಿ, ಅಂದರೆ ಮುಂದೆ ರಾಮನಗರವಾದ ಊರಿನಲ್ಲಿ, ಆರೋಗ್ಯ ಘಟಕ ಸ್ಥಾಪನೆಯಾಗಿ ಸಿಬ್ಬಂದಿಗೆ ತರಬೇತಿಯೂ ನಡೆಯಿತು.

ಮಲೇರಿಯಾ ಸಂಶೋಧನೆಯ ಕಥೆ ಇನ್ನೂ ಸ್ವಾರಸ್ಯಕರ. ಪ್ರತಿಷ್ಠಾನದ ಡಾ. ಸ್ವೀಟ್ ಮತ್ತು ನಮ್ಮವರೇ ಆದ ಬಿ.ಎ. ರಾವ್ ಅವರು ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಮೊಟ್ಟೆಯ ಪಕ್ಕದ ತೇಲುಪಟ್ಟಿಯ ಗೆರೆಗಳನ್ನು ಎಣಿಸಿದರು. ಕೆಲವಕ್ಕೆ ಗೆರೆ ಹೆಚ್ಚು, ಕೆಲವಕ್ಕೆ ಕಡಿಮೆ. ಗೆರೆ ಕಡಿಮೆಯಿದ್ದ ಬಗೆಗೆ 1937ರಲ್ಲಿ 'ಮೈಸೊರೆನ್ಸಿಸ್' ಎಂದು ಹೆಸರಿಟ್ಟರು. ಮೈಸೂರಿನ ಹೆಸರು ರೇಷ್ಮೆಗೆ, ಗಂಧಕ್ಕೆ ಮಾತ್ರವಲ್ಲ, ಸೊಳ್ಳೆಗೂ ಇದೆ! ಇದು ಬರಿಯ ಕುತೂಹಲದ ವಿಷಯವಲ್ಲ. ಮಲೇರಿಯಾ ಹರಡುವುದರಲ್ಲಿ ಎರಡು ಬಗೆಗಳೂ ಸಮನಲ್ಲ. ಯಾವ ಸೊಳ್ಳೆ ಅಪಾಯಕಾರಿ ಎಂದು ತಿಳಿದರೆ ಇರುವ ಅಲ್ಪ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ತಿಳಿಯುತ್ತದೆ. 2012ರಲ್ಲಿ ಸ್ಟೀಫೆನ್ಸೈ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ನಗರಗಳಿಗೂ ಅದೇ ಚಿಂತೆ ಹತ್ತಿತು.

ಸ್ವಾತಂತ್ರ್ಯಕ್ಕೆ ಮುನ್ನ, 1946ರಲ್ಲಿ, ಭೋರ್ ಸಮಿತಿಯು ಮೊದಲ ಹಂತದಲ್ಲಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು. ಮುಂದೆ ಕೇಂದ್ರಗಳೇನೋ ಬಂದವು. ಆದರೆ ಡಾ. ಎಚ್. ಸುದರ್ಶನ್ ಅವರ ನೇತೃತ್ವದ ರಾಜ್ಯ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟಾಗ, ಅದು ಪಟ್ಟಿ ಮಾಡಿದ ದೋಷಗಳಲ್ಲಿ ಭ್ರಷ್ಟಾಚಾರದ ಜೊತೆಗೇ ಸಾರ್ವಜನಿಕ ಆರೋಗ್ಯದ ಕಡೆಗಣನೆಯೂ ಸೇರಿತ್ತು. 1929ರಲ್ಲೇ ಅದಕ್ಕೆಂದು ಇಲಾಖೆ ಕಟ್ಟಿದ ನಾಡಿಗೆ ಈ ಮಾತು ಬಂತೆಂದರೆ ಏನು ಹೇಳೋಣ? ನನ್ನ ದೃಷ್ಟಿಯಲ್ಲಿ ಕೊರತೆ ಕಟ್ಟಡದ್ದಲ್ಲ. ಕಟ್ಟಡಕ್ಕೆ ಉದ್ಘಾಟನೆ ಇರುತ್ತದೆ, ಮನೆ ಭೇಟಿಗೆ ಇರುವುದಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದು ಆಶಾ ಕಾರ್ಯಕರ್ತೆಯರು ನೇಮಕವಾದ ಮೇಲೆ ಮನೆ ಬಾಗಿಲ ಕೆಲಸಕ್ಕೆ ಮತ್ತೆ ಜೀವ ಬಂತು.

ನಮ್ಮ ತೆಂಗಿನ ಸೀಮೆಯನ್ನೇ ನೋಡಿ. ಕೊಬ್ಬರಿ ತೆಗೆದ ಮೇಲೆ ಹಿತ್ತಲಲ್ಲಿ ಬಿದ್ದ ಚಿಪ್ಪಿನ ರಾಶಿಯಲ್ಲಿ ಮಳೆನೀರು ನಿಂತರೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಒಂದೊಂದು ಚಿಪ್ಪೂ ತೊಟ್ಟಿಲು. ನೀರು ಆರಿದರೂ ಅದರ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ; ಮುಂದಿನ ಮಳೆಗೆ ಮರಿಯಾಗುತ್ತವೆ. ಆ ರಾಶಿಯನ್ನು ಯಾವ ಆಸ್ಪತ್ರೆಯ ವೈದ್ಯರೂ ಕಾಣುವುದಿಲ್ಲ. ಕಾಣುವವಳು ನಿಮ್ಮ ಬಾಗಿಲಿಗೆ ಬಂದು, ತೊಟ್ಟಿಯ ಮುಚ್ಚಳ ತೆಗೆದು ನೋಡುವ ಆರೋಗ್ಯ ಸಹಾಯಕಿ.