ಕುಡುಗೋಲಿಗೆ ಗ್ಯಾರಂಟಿ ಕೊಡುತ್ತಿದ್ದವರು ಯಾರು?

ಒಂದು ಮಚ್ಚು, ಎರಡು ಕುಡುಗೋಲು, ಒಂದು ಗುದ್ದಲಿ, ಒಂದು ಸುತ್ತಿಗೆ. ಹಳ್ಳಿ ಮನೆಯಲ್ಲಿ ಇಷ್ಟಾದರೂ ಇಲ್ಲದೆ ದಿನ ಸಾಗುವುದಿಲ್ಲ. ಇವನ್ನು ಈಗ ನಾವು ಸಂತೆಯಲ್ಲೋ, ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲೋ, ಮೊಬೈಲಿನಲ್ಲೋ ಕೊಳ್ಳುತ್ತೇವೆ. ಫಳಫಳ ಹೊಳೆಯುವ ಮಚ್ಚು ನಾಲ್ಕು ಎಳನೀರು ಕೆತ್ತುವಷ್ಟರಲ್ಲಿ ಬಾಯಿ ಮಡಚಿಕೊಂಡರೆ ಯಾರನ್ನು ಕೇಳುವುದು?

ನಮ್ಮ ಅಜ್ಜಂದಿರ ಕಾಲದಲ್ಲಿ ಇದಕ್ಕೆ ಉತ್ತರ ಇತ್ತು. ಆ ಉತ್ತರ ಹೇಗೆ ಹುಟ್ಟಿತು, ಹೇಗೆ ಕಳೆದುಹೋಯಿತು ಎಂದು ತಿಳಿದರೆ ಒಳ್ಳೆಯ ಹತಾರ ಆರಿಸುವುದೂ ಸುಲಭವಾಗುತ್ತದೆ.

ಮೂರು ಸಾವಿರ ವರ್ಷದ ಕಸುಬು

ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಸಿಕ್ಕ ಕಬ್ಬಿಣ ಸುಮಾರು 3000 ವರ್ಷ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ, ದೊಡ್ಡ ಕಲ್ಲು ಚಪ್ಪಡಿಗಳ ಸಮಾಧಿಗಳಲ್ಲಿ ಸತ್ತವರ ಜೊತೆ ಕಬ್ಬಿಣದ ಹತಾರಗಳನ್ನೂ ಇಟ್ಟಿದ್ದು ಕಂಡಿತು.

ಈ ಕಸುಬು ನಡೆಯುತ್ತಿದ್ದ ರೀತಿಯನ್ನು ಕಣ್ಣಾರೆ ಕಂಡು ಬರೆದಿಟ್ಟವರು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆದೇಶದ ಮೇಲೆ ಅವರು ಮೈಸೂರು ಸೀಮೆ ಸುತ್ತಿದರು. ಮಳೆನೀರಿಗೆ ಹಳ್ಳಗಳಲ್ಲಿ ಬಂದು ನಿಲ್ಲುವ ಕಪ್ಪು ಮರಳನ್ನು ಜನ ತೊಳೆದು, ಇದ್ದಿಲಿನ ಜೊತೆ ಮಣ್ಣಿನ ಕುಲುಮೆಗೆ ಹಾಕಿ, ತೊಗಲಿನ ತಿದಿ ಒತ್ತಿ ಕಬ್ಬಿಣ ತೆಗೆಯುತ್ತಿದ್ದರು.

ಕಬ್ಬಿಣ ಬೇರೆ, ಉಕ್ಕು ಬೇರೆ

ಉಕ್ಕು ಮಾಡುವ ಕ್ರಮವನ್ನೂ ಬುಕಾನನ್ ಬರೆದಿದ್ದಾರೆ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಎರಡು ಹಸಿ ಎಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಹಲವು ಮೂಸೆಗಳನ್ನು ಒಟ್ಟಿಗೆ ಕಾಯಿಸುತ್ತಿದ್ದರು. ಕಡ್ಡಿ, ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತಿತ್ತು. ಆಗ ಕಬ್ಬಿಣ ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ಇಂಥ ಉಕ್ಕಿನಿಂದ ವಾದ್ಯಗಳ ತಂತಿ ಎಳೆಯುತ್ತಿದ್ದರು.

ದಕ್ಷಿಣ ಭಾರತದ ಈ ಉಕ್ಕಿಗೆ ಇಂಗ್ಲಿಷರು 'ವೂಟ್ಸ್' ಎಂದರು. ನಮ್ಮ 'ಉಕ್ಕು' ಪದವೇ ಹಾಗಾಯಿತು ಎಂಬುದು ಹೆಚ್ಚಿನ ವಿದ್ವಾಂಸರ ಮಾತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಲಾಯಿತು. ಮುಂದೆ ಕರೆಂಟಿನ ಸಂಶೋಧನೆಗೆ ಹೆಸರಾದ ಮೈಕೇಲ್ ಫ್ಯಾರಡೆ ಕೂಡ ಇದರ ಗುಟ್ಟು ತಿಳಿಯಲು ಪ್ರಯೋಗ ಮಾಡಿದರು. ಅವರು ಕಮ್ಮಾರರೊಬ್ಬರ ಮಗ.

ಇದರಲ್ಲಿ ಕೊಳ್ಳುವವರಿಗೆ ಒಂದು ಪಾಠವಿದೆ. ಇಂಗಾಲ ಕಡಿಮೆಯಿರುವ ಮೆತು ಕಬ್ಬಿಣವನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅಲಗು ಗಟ್ಟಿಯಾಗುವುದಿಲ್ಲ. ಕಿಟಕಿ ಸರಳಿನ ಕಬ್ಬಿಣದಲ್ಲಿ ನೂರಕ್ಕೆ ಕಾಲು ಭಾಗದಷ್ಟೂ ಇಂಗಾಲ ಇರುವುದಿಲ್ಲ. ಮಚ್ಚಿಗೆ ಅರ್ಧ ಭಾಗಕ್ಕಿಂತ ಹೆಚ್ಚು ಬೇಕು. ಹೊಳಪು, ಬಣ್ಣ, ತೂಕ ಇದನ್ನು ಹೇಳುವುದಿಲ್ಲ.

ಆಯದ ಲೆಕ್ಕ

ಉಕ್ಕು ದುಬಾರಿ. ಅದಕ್ಕೇ ಕಮ್ಮಾರರು ಮೈಗೆ ಕಬ್ಬಿಣ ಇಟ್ಟು, ಬಾಯಿಗೆ ಮಾತ್ರ ಉಕ್ಕು ಬೆಸೆಯುತ್ತಿದ್ದರು. ಆಮೇಲೆ ಕೆಂಪಗೆ ಕಾಯಿಸಿ ನೀರು ಕುಡಿಸಿದರೆ ಅಲಗು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಸಿಡಿಯುತ್ತದೆ. ಅದನ್ನು ಮತ್ತೆ ಸ್ವಲ್ಪ ಕಾಯಿಸಬೇಕು. ಆಗ ಅಲಗಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೇರಳೆ, ಕೊನೆಗೆ ನೀಲಿ ಓಡುತ್ತದೆ. ಯಾವ ಹತಾರಕ್ಕೆ ಯಾವ ಬಣ್ಣದಲ್ಲಿ ನಿಲ್ಲಿಸಬೇಕು ಎನ್ನುವುದೇ ಹದ. ಥರ್ಮಾಮೀಟರ್ ಇಲ್ಲದೆ ಕಣ್ಣಳತೆಯಲ್ಲೇ ಇದು ನಡೆಯುತ್ತಿತ್ತು.

ಹದ ತಪ್ಪಿದರೆ? ರೈತ ಮಾರನೇ ದಿನ ಅದೇ ಕುಲುಮೆ ಮುಂದೆ ನಿಲ್ಲುತ್ತಿದ್ದ. ಕಮ್ಮಾರರಿಗೆ ಒಂದೊಂದು ಕೆಲಸಕ್ಕೆ ದುಡ್ಡಿಲ್ಲ, ಸುಗ್ಗಿಯಲ್ಲಿ ಕಣದಿಂದ ಆಯ ಬರುತ್ತಿತ್ತು. ವರ್ಷವಿಡೀ ಕುಡುಗೋಲಿಗೆ ಕಕ್ಕು ಹಾಕುವುದು, ಗುಳ ತಟ್ಟುವುದು ಅದರಲ್ಲೇ ಸೇರಿತ್ತು. ಹತಾರ ಬೇಗ ಕೆಟ್ಟರೆ ಕೆಲಸ ಹೆಚ್ಚುವುದು ಅವರಿಗೇ. ಹಾಗಾಗಿ ಗಟ್ಟಿಯಾಗಿ ಮಾಡುವುದರಲ್ಲಿ ಅವರಿಗೂ ಲಾಭ ಇತ್ತು. ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಬರ ಬಂದ ವರ್ಷ ಕಮ್ಮಾರರ ಮನೆಯ ಒಲೆಯೂ ಆರುತ್ತಿತ್ತು. ಅದನ್ನು ಹೊಗಳಲು ನಾವು ಬರೆಯುತ್ತಿಲ್ಲ. ಗ್ಯಾರಂಟಿ ಎಲ್ಲಿತ್ತು ಎಂದು ತೋರಿಸುತ್ತಿದ್ದೇವೆ: ಮಾಡಿದವರು ಕೂಗಳತೆಯಲ್ಲೇ ಇದ್ದರು.

ರೈಲು, ಭದ್ರಾವತಿ, ಲಾರಿ ಪ್ಲೇಟು

19ನೇ ಶತಮಾನದಲ್ಲಿ ಹಡಗು, ರೈಲುಗಳಲ್ಲಿ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂತು. ಕಾಡಿನ ಕಾನೂನು ಬಿಗಿಯಾಗಿ ಇದ್ದಿಲು ದುಬಾರಿಯಾಯಿತು. ಮರಳಿನಿಂದ ಕಬ್ಬಿಣ ತೆಗೆಯುವ ಕುಲುಮೆಗಳು ಆರಿದವು. ಬಡಿಯುವ ಕುಲುಮೆ ಉಳಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ನಂಬಿ ಕಟ್ಟಿದ ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಕೊಡಲು ಶುರುಮಾಡಿತು. ಹಾಸನದಲ್ಲಿ ಗುದ್ದಲಿ, ಪಿಕಾಸಿ ಮಾಡುವ ಸರ್ಕಾರಿ ಕಾರ್ಖಾನೆಯೇ ಇತ್ತು. ನಂಬಿಕೆ ಮೆಲ್ಲಗೆ ಕಮ್ಮಾರರ ಕೈಯಿಂದ ಕಂಪನಿಯ ಮುದ್ರೆಗೆ ದಾಟಿತು.

ಕಮ್ಮಾರರು ಸುಮ್ಮನೆ ಕೂರಲಿಲ್ಲ. ಲಾರಿಗಳು ಬಂದ ಮೇಲೆ ಗುಜರಿಯಲ್ಲಿ ಅವರಿಗೆ ಹೊಸ ಉಕ್ಕು ಸಿಕ್ಕಿತು. ಲಾರಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ ನೂರಕ್ಕೆ ಅರ್ಧ ಭಾಗಕ್ಕೂ ಮಿಕ್ಕಿ ಇರುತ್ತದೆ. ಬಾಗಿದರೂ ಮುರಿಯದ, ನೀರು ಕುಡಿಸಿದರೆ ಗಟ್ಟಿಯಾಗುವ ಉಕ್ಕು. ಇವತ್ತಿಗೂ 'ಪ್ಲೇಟಿನ ಮಚ್ಚು' ಎಂದರೆ ಬೆಲೆ ಇರುವುದು ಇದಕ್ಕೇ.

ಈಗ ಕೊಳ್ಳುವಾಗ

ಮುದ್ರೆಯನ್ನೂ ಯಾರೋ ನಕಲು ಮಾಡುತ್ತಾರೆ. ಆದ್ದರಿಂದ ಕಮ್ಮಾರರ ಪರೀಕ್ಷೆಗಳನ್ನು ನಾವೇ ಕಲಿಯಬೇಕು.

ಅರ ಉಜ್ಜಿ ನೋಡಿ. ಮಚ್ಚಿನ ಬೆನ್ನಿಗೂ ಬಾಯಿಗೂ ಅರ ಒಂದೇ ರೀತಿ ಸಲೀಸಾಗಿ ಕಚ್ಚಿದರೆ ಬಾಯಿಗೆ ಹದ ಹಾಕಿಲ್ಲ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಅತಿಯಾಗಿದೆ, ಬಾಯಿ ಚಕ್ಕೆ ಏಳಬಹುದು. ಕಷ್ಟಪಟ್ಟು ಕಚ್ಚಬೇಕು.

ಗುದ್ದಲಿಯನ್ನು ಬೆರಳಿಗೆ ತೂಗುಹಾಕಿ ಕಲ್ಲಿನಿಂದ ತಟ್ಟಿ. ಠಣ್ ಎಂದು ನಾದ ಎಳೆದರೆ ಒಳ್ಳೆಯದು. ಸದ್ದು ಒಡೆದಂತೆ ಬಂದರೆ ಎಲ್ಲೋ ಬಿರುಕಿದೆ.

ಕಾವು ನೋಡಿ. ಮರದ ಎಳೆ ಉದ್ದಕ್ಕೂ ನೇರ ಓಡಿರಬೇಕು, ಕುತ್ತಿಗೆಯಲ್ಲಿ ಗಂಟು ಇರಬಾರದು. ದಪ್ಪ ಬಣ್ಣ ಬಳಿದ ಕಾವಿನಲ್ಲಿ ಎಳೆಯೂ ಕಾಣದು, ಬಿರುಕೂ ಕಾಣದು. ಸುತ್ತಿಗೆಯ ಕಾವಿಗೆ ಬೆಣೆ ಬಿಗಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿ. ಕಳಚಿ ಹಾರಿದ ಸುತ್ತಿಗೆ ಪಕ್ಕದವರ ತಲೆ ಹುಡುಕುತ್ತದೆ.

ಐಎಸ್ಐ ಗುರುತಿದ್ದರೆ ಅದರ ಜೊತೆ 'ಸಿಎಂ/ಎಲ್' ಎಂಬ ಲೈಸೆನ್ಸ್ ನಂಬರ್ ಇರಬೇಕು. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾರದು, ಯಾವ ಸಾಮಾನಿಗೆ ಕೊಟ್ಟದ್ದು ಎಂದು ತಿಳಿಯುತ್ತದೆ.

ಸಾಣೆ ಹಿಡಿಸುವಾಗಲೂ ಎಚ್ಚರ ಬೇಕು. ಕರೆಂಟಿನ ಗ್ರೈಂಡರಿಗೆ ಒತ್ತಿ ಹಿಡಿದು ಅಲಗು ನೀಲಿಯಾದರೆ ಕಮ್ಮಾರರು ಹಾಕಿದ ಹದ ಅಲ್ಲಿಗೆ ಹೋಯಿತು. ನಡುನಡುವೆ ನೀರಿಗೆ ಅದ್ದಬೇಕು, ಇಲ್ಲವೇ ಸಾಣೆಕಲ್ಲಿನಲ್ಲೇ ಮಸೆಯಬೇಕು.

ನಿಮ್ಮೂರಲ್ಲೋ ಪಕ್ಕದೂರಲ್ಲೋ ಕುಲುಮೆ ಇನ್ನೂ ಉರಿಯುತ್ತಿದ್ದರೆ ಮಚ್ಚು, ಕುಡುಗೋಲು ಅಲ್ಲೇ ಮಾಡಿಸಿ. ಅಂಗಡಿಯದಕ್ಕಿಂತ ನಾಲ್ಕು ಕಾಸು ಹೆಚ್ಚು ಬೀಳಬಹುದು. ಆದರೆ ಬಾಯಿ ಮಡಚಿದರೆ ಹೋಗಿ ಕೇಳಲು ಒಬ್ಬರು ಇರುತ್ತಾರೆ, ಮತ್ತೆ ಕಾಯಿಸಿ ತಟ್ಟಿಕೊಡಲು ಅಡಿಗಲ್ಲು ಇರುತ್ತದೆ. ಆ ಕುಲುಮೆ ಮುಚ್ಚಿದ ದಿನ ಊರಿನ ಎಲ್ಲ ಹತಾರಗಳೂ ಒಂದೇ ಸಲ ಬಳಸಿ ಬಿಸಾಡುವ ಸಾಮಾನಾಗುತ್ತವೆ.